ಪರದೆಯ ಪಕ್ಕದ ಸಾಕ್ಷಿ

ಸಂಶಯ ನನಗೆ ಹುಟ್ಟುಗುಣವೋ ಹೊಟ್ಟೆಪಾಡು ಕಲಿಸಿದ್ದೋ ಹೇಳಲಾರೆ. ರಬಾಳೆಯ ಒಂದು ಕಾರ್ಖಾನೆಯಲ್ಲಿ ತಯಾರಾದ ಮಾಲನ್ನು ಪರೀಕ್ಷಿಸಿ, ಕುಂದು ಕಂಡರೆ ವಾಪಸು ಕಳಿಸುವುದು ನನ್ನ ಕೆಲಸವಾಗಿತ್ತು. ಆ ಕಣ್ಣನ್ನು ಸಂಜೆ ಅಲ್ಲೇ ಬಿಟ್ಟು ಬರಲು ನನಗೆ ಆಗುತ್ತಿರಲಿಲ್ಲ. ಡೊಂಬಿವಲಿಯ ಮನೆಗೆ ಬಂದರೆ ಹಾಲಿನ ಪ್ಯಾಕೆಟ್ಟಿನ ತಾರೀಖು, ತರಕಾರಿ ಮಾರುವ ಭಾಜಿವಾಲಾನ ತಕ್ಕಡಿ, ಪಕ್ಕದ ಮನೆಯವರ ನಗು, ಎಲ್ಲವನ್ನೂ ತಿರುಗಿಸಿ ತಿರುಗಿಸಿ ನೋಡುತ್ತಿದ್ದೆ. ನನ್ನ ಹೆಂಡತಿ ಉಡುಪಿ ಕಡೆಯವಳು, ಠಾಣೆಯಲ್ಲಿ ಆಫೀಸು ಕೆಲಸ. ನನ್ನ ಈ ಗುಣವನ್ನು ಹನ್ನೊಂದು ವರ್ಷ ತಮಾಷೆ ಮಾಡಿಕೊಂಡೇ ಸಹಿಸಿದ್ದಳು.

ಎಲ್ಲರ ಕೈಗೂ ವಾಟ್ಸಾಪ್ ಬಂದ ವರ್ಷಗಳಲ್ಲಿ ನನಗೊಂದು ಹುಚ್ಚು ಹತ್ತಿತು. ಮನೆಯ ಕಂಪ್ಯೂಟರಿನಲ್ಲಿ ಯುದ್ಧವಿಮಾನ ಹಾರಿಸುವವರ ಒಂದು ಬಳಗಕ್ಕೆ ಸೇರಿದೆ. ಹೇಳಿಕೊಳ್ಳಲು ಆಟ, ಆದರೆ ಪಾಠ, ಅಭ್ಯಾಸ, ಪರೀಕ್ಷೆ ಎಲ್ಲವೂ ಇದ್ದವು. ಉಲ್ಹಾಸನಗರದಲ್ಲಿ ಹುಡುಕಿ, ವಿಮಾನದ ಹಿಡಿಯಂತೆ ಬಳಸುವ ಒಂದು ಹಳೆಯ ಜಾಯ್‌ಸ್ಟಿಕ್ ತಂದೆ. ಕಲಿಸುತ್ತಿದ್ದವರು ವಾಶಿಯಲ್ಲಿದ್ದ, ಧಾರವಾಡ ಕಡೆಯ, ಅರವತ್ತು ದಾಟಿದ ಒಬ್ಬರು ಹಿರಿಯರು. ಭಾನುವಾರ ಬೆಳಿಗ್ಗೆ ಹೆಡ್‌ಫೋನಿನಲ್ಲಿ ಅವರ ದನಿ ಬರುತ್ತಿತ್ತು. ಅವರು ನಿಜವಾದ ವಿಮಾನ ಹಾರಿಸಿದ್ದರೋ ಇಲ್ಲವೋ ಎಂಬ ಅನುಮಾನ ನನಗೆ ಕೊನೆಯವರೆಗೂ ಇತ್ತು.

ಎಲ್ಲಕ್ಕಿಂತ ಕಠಿಣವಾದ ಪಾಠವೆಂದರೆ, ಹೊರಗೆ ಏನೂ ಕಾಣದಿದ್ದಾಗ ಬರೀ ಮೀಟರುಗಳ ಮುಳ್ಳು ನೋಡಿಕೊಂಡು ಒಂದೂರಿಂದ ಇನ್ನೊಂದೂರಿಗೆ ಹೋಗುವುದು. ದಿಕ್ಕು, ವೇಗ, ನಿಮಿಷ ಎಲ್ಲವನ್ನೂ ಮೊದಲೇ ಕಾಗದದಲ್ಲಿ ಲೆಕ್ಕ ಹಾಕಿ ತೊಡೆಯ ಮೇಲೆ ಇಟ್ಟುಕೊಳ್ಳಬೇಕು. ಆಕಾಶ, ನೆಲ ಕಾಣುವ ಪರದೆಯ ಮೇಲರ್ಧವನ್ನು ರಟ್ಟಿನಿಂದ ಮುಚ್ಚಬೇಕು. ಶಿಷ್ಯ ರಟ್ಟು ಸರಿಸಿ ಇಣುಕಿದರೆ ವಾಶಿಯಲ್ಲಿ ಕೂತವರಿಗೆ ಗೊತ್ತಾಗುವುದು ಹೇಗೆ? ಅದಕ್ಕೆ ಅವರೊಂದು ಪದ್ಧತಿ ಮಾಡಿದ್ದರು. ಮನೆಯವರೊಬ್ಬರು ತಮ್ಮ ಕೈಯಾರೆ ರಟ್ಟು ಅಂಟಿಸಿ, ಮುಗಿಯುವವರೆಗೂ ಪಕ್ಕದಲ್ಲಿ ಸಾಕ್ಷಿಯಾಗಿ ಕೂರಬೇಕು. ನನ್ನ ಹೆಂಡತಿ ಹಳೆಯ ಕ್ಯಾಲೆಂಡರಿನ ರಟ್ಟು ಅಂಟಿಸಿ, ಅಲಸಂಡೆ ಮುರಿಯುತ್ತಾ ಕೂರುತ್ತಿದ್ದಳು.

ಗುರುಗಳು ಪ್ರತಿ ವಾರ ಹೇಳುತ್ತಿದ್ದ ಮಾತು ಒಂದೇ: "ಒಂದ ಮುಳ್ಳು ನೋಡಿ ನಂಬಬ್ಯಾಡ್ರಿ. ಬಾಜೂದ್ದು ಎರಡು ನೋಡ್ರಿ, ಆಮ್ಯಾಲೆ ಕೈ ಹಚ್ರಿ." ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ನಮ್ಮ ಹಿರಿಯರು ಹೇಳಿದ್ದೂ ಅದನ್ನೇ. ನನ್ನಂಥ ಸಂಶಯಪಿಶಾಚಿಗೆ ಹೇಳಿ ಮಾಡಿಸಿದ ವಿದ್ಯೆ ಇದು ಎಂದು ಒಳಗೊಳಗೇ ಬೀಗುತ್ತಿದ್ದೆ.

ದೊಡ್ಡ ಪರೀಕ್ಷೆಗೆ ಒಂದು ವಾರವಿದ್ದಾಗ ಹೆಂಡತಿಯ ಫೋನಿಗೆ ಮೆಸೇಜುಗಳು ಬರತೊಡಗಿದವು. ಓದುತ್ತಾಳೆ, ನಾನು ಹತ್ತಿರ ಹೋದರೆ ಫೋನು ಮಗುಚಿ ಇಡುತ್ತಾಳೆ. ಯಾರದೆಂದು ಕೇಳಿದೆ.

"ಆದಿತ್ಯವಾರ ಕಳೀಲಿ, ಮತ್ತೆ ಹೇಳ್ತೇನೆ," ಎಂದಳು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತಲ್ಲ ಎಂದುಕೊಂಡೆ. ಮೂರು ದಿನ ಲೋಕಲ್ಲಿನಲ್ಲಿ ನಿಂತು ಅದನ್ನೇ ಯೋಚಿಸಿದೆ. ಶುಕ್ರವಾರ ಬೆಳಿಗ್ಗೆ ಅವಳು ಸ್ನಾನಕ್ಕೆ ಹೋದಾಗ ಫೋನು ತೆಗೆದು ನೋಡಿದೆ. ಗುರುಗಳ ನಂಬರು. ಬಂದ ಮೆಸೇಜುಗಳೆಲ್ಲ ಅಳಿಸಿಹೋಗಿದ್ದವು, ಇವಳದೊಂದು ಉತ್ತರ ಮಾತ್ರ ಉಳಿದಿತ್ತು: ಆಯ್ತು, ಅವರಿಗೆ ಗೊತ್ತಾಗದ ಹಾಗೆ ನೋಡಿಕೊಳ್ತೇನೆ.

ಅವಳು ಹೊರಗೆ ಬರುವಷ್ಟರಲ್ಲಿ ನನ್ನ ತಲೆ ಕೆಟ್ಟಿತ್ತು. ಆಡಬಾರದ ಮಾತೆಲ್ಲ ಆಡಿದೆ. ತಂದೆಯ ವಯಸ್ಸಿನವರ ಜೊತೆ ಇದೆಂಥ ಗುಟ್ಟು ಎಂದೂ ಕೇಳಿದೆ. ಅವಳ ಮುಖ ಬಿಳಿಚಿತು. ಒದ್ದೆ ಕೂದಲಲ್ಲೇ ನಿಂತು ಏನೋ ಹೇಳಲು ಬಾಯಿ ತೆರೆದು, ಮತ್ತೆ ಮುಚ್ಚಿಕೊಂಡಳು. ಡಬ್ಬಿ ತುಂಬಿಕೊಂಡು ದಿನದ ಟ್ರೇನಿಗೆ ಹೊರಟು ಹೋದಳು. ಆ ಮೌನವನ್ನೂ ನಾನು ತಪ್ಪೊಪ್ಪಿಗೆಯ ಲೆಕ್ಕಕ್ಕೇ ಸೇರಿಸಿದೆ.

ಭಾನುವಾರ ಪರೀಕ್ಷೆಯ ಹೊತ್ತಿಗೆ ರಟ್ಟು ಅಂಟಿಸಿ ಪಕ್ಕದಲ್ಲಿ ಕೂತಳು. ಪುಣೆಯಿಂದ ಬೆಳಗಾವಿ, ಅಲ್ಲಿಂದ ಗೋವಾ. ಹದಿನೈದನೆಯ ನಿಮಿಷಕ್ಕೆ ಅವಳು ಎದ್ದಳು. ಮದುವೆ ಕಾಗದದಿಂದ ದುಂಡಗೆ ಕತ್ತರಿಸಿದ ಒಂದು ಬಿಲ್ಲೆ ತೆಗೆದು, ವಿಮಾನ ಎತ್ತ ವಾಲಿದೆ ಎಂದು ತೋರಿಸುವ ಮುಖ್ಯ ಮೀಟರಿನ ಮೇಲೆ ಅಂಟಿಸಿದಳು. ಅಳತೆ ಒಂದು ಕೂದಲೆಳೆಯೂ ತಪ್ಪಿರಲಿಲ್ಲ. ನಡುದಾರಿಯಲ್ಲಿ ಆ ಮೀಟರು ಕೆಟ್ಟರೆ ನಾನೇನು ಮಾಡುತ್ತೇನೆ ಎನ್ನುವುದೇ ಪರೀಕ್ಷೆ. ನನಗೆ ಮೊದಲೇ ಗೊತ್ತಾಗಿದ್ದರೆ ಪರೀಕ್ಷೆಗೆ ಅರ್ಥವಿರುತ್ತಿರಲಿಲ್ಲ.

ಎತ್ತ ವಾಲಿದ್ದೇನೆಂದು ತಿಳಿಯದೆ ಹಿಡಿಯನ್ನು ಅತ್ತಿತ್ತ ಎಳೆದಾಡಿದೆ. ಎತ್ತರದ ಮುಳ್ಳು ಇಳಿಯತೊಡಗಿತು. ಉಳಿದ ಮುಳ್ಳು ನೋಡ್ರಿ ಎಂದು ಕಿವಿಯಲ್ಲಿ ಗುರುಗಳು ಹೇಳುತ್ತಿದ್ದರು. ಹೇಗೋ ಸಾವರಿಸಿಕೊಂಡೆ. ಬೆಳಗಾವಿಗೆ ನಲವತ್ತು ಸೆಕೆಂಡು ತಡವಾಯಿತು, ಗೋವಾ ಸರಿಯಾಗಿ ಸಿಕ್ಕಿತು. ಗುರುಗಳು ಪಾಸು ಎಂದರು. ತಾವು ಕಳಿಸಿದ್ದನ್ನೆಲ್ಲ ಅಳಿಸಲು ಹೇಳಿದ್ದೂ ತಾವೇ ಎಂದು ನಗುತ್ತಾ ತಿಳಿಸಿ, ಅವಳನ್ನು ತಂಗಿ ಎಂದು ಕರೆದು, ಗುಟ್ಟು ಬಿಟ್ಟುಕೊಡಲಿಲ್ಲ ಎಂದು ಹೊಗಳಿದರು. ನನಗೆ ಸಂತೋಷವಾಗಲಿಲ್ಲ, ನಾಚಿಕೆಯಾಯಿತು. ಶುಕ್ರವಾರ ಒಂದೇ ಮಾತಿನಲ್ಲಿ ಅವಳು ನನ್ನ ಬಾಯಿ ಮುಚ್ಚಿಸಬಹುದಿತ್ತು. ನನ್ನ ಪರೀಕ್ಷೆ ಕೆಡಬಾರದೆಂದು ಎರಡು ದಿನ ಆ ಕೊಳಕು ಮಾತನ್ನು ನುಂಗಿಕೊಂಡಿದ್ದಳು.

ತಪ್ಪಾಯಿತು ಎಂದೆ. ಅವಳು ಹೂಂ ಎಂದು ಪರದೆಯ ಮೇಲಿನ ಅಂಟು ಒರೆಸಿದಳು. ನಾನು ಅದನ್ನು ಕ್ಷಮೆ ಎಂದೇ ತಿಳಿದೆ.

ಮುಂದಿನ ತಿಂಗಳು, ಮೋಡದೊಳಗಿಂದ ಇಳಿಯುವ ಪರೀಕ್ಷೆಯ ದಿನ, ಕಂಪ್ಯೂಟರು ಹಚ್ಚಿ ಅವಳನ್ನು ಕರೆದೆ. ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು. ಸಿಟ್ಟೂ ಇರಲಿಲ್ಲ ಅವಳ ದನಿಯಲ್ಲಿ.

"ನಾನು ಕೂತ್ಕೊಳ್ಳುದಿಲ್ಲ. ನೀವೇ ನಂಬದವಳ ಸಾಕ್ಷಿಯನ್ನು ನಿಮ್ಮ ಗುರುಗಳು ಯಾಕೆ ನಂಬಬೇಕು?"