ಎಲ್ಲರೂ ಹೊಗಳಿದ ದಪ್ಪ ಕಾದಂಬರಿ

ಹಿಡಿಸದ ಪುಸ್ತಕವನ್ನು ಈಗ ನಾನು ಹತ್ತಿಪ್ಪತ್ತು ಪುಟಕ್ಕೇ ಮಡಚಿಡುತ್ತೇನೆ. ಯಾರ ಅಪ್ಪಣೆಯೂ ಬೇಕಿಲ್ಲ. ಆದರೆ ನಾವು ದೆಹಲಿಯ ಪಕ್ಕದ ಇಂದಿರಾಪುರಂನಲ್ಲಿದ್ದ ಎರಡು ಸಾವಿರದ ದಶಕದಲ್ಲಿ ಹಾಗಿರಲಿಲ್ಲ. ಕನ್ನಡ ಪುಸ್ತಕವನ್ನು ಅರ್ಧಕ್ಕೆ ಬಿಡುವುದು ನಮ್ಮಲ್ಲಿ ತಟ್ಟೆಯಲ್ಲಿ ಅನ್ನ ಬಿಟ್ಟು ಏಳುವಷ್ಟೇ ಕೆಟ್ಟದ್ದಾಗಿತ್ತು.

ಕಾರಣ ಇಷ್ಟೇ, ಅಲ್ಲಿ ನಮಗೆ ಕನ್ನಡ ಪುಸ್ತಕ ಅಂಗಡಿಯಲ್ಲಿ ಸಿಗುತ್ತಿರಲಿಲ್ಲ. ರಜೆಗೆ ಊರಿಗೆ ಹೋದವರು ಕಾಫಿಪುಡಿ, ಸಾರಿನಪುಡಿಗಳ ನಡುವೆ ತುರುಕಿಕೊಂಡು ಬರಬೇಕು. ಇಲ್ಲವೇ ದೆಹಲಿಯ ಚಾಣಕ್ಯಪುರಿಯಲ್ಲಿರುವ ನಮ್ಮ ರಾಜ್ಯದ ಅತಿಥಿಗೃಹದಲ್ಲಿ ಇಳಿದುಕೊಂಡ ಲೇಖಕರು ಹೊರಡುವಾಗ ತಮ್ಮದೇ ಪುಸ್ತಕದ ಕಟ್ಟನ್ನು ನಮ್ಮವರ ಕೈಗೆ ದಾಟಿಸಬೇಕು. ಹೀಗೆ ಬಂದದ್ದನ್ನು ಐದಾರು ಮನೆಯವರು ಹಂಚಿಕೊಂಡು ಓದುತ್ತಿದ್ದೆವು. ತಿಂಗಳಿಗೊಂದು ಭಾನುವಾರ ಯಾರದಾದರೂ ಮನೆಯಲ್ಲಿ ಸೇರಿ, ಬಿಸಿಬೇಳೆಬಾತು ತಿಂದು, ಓದಿದ ಪುಸ್ತಕದ ಬಗ್ಗೆ ನಾಲ್ಕು ಮಾತು ಹೇಳಿ ಅದನ್ನು ಮುಂದಿನ ಮನೆಗೆ ಕೊಡುವುದು ನಮ್ಮ ಪದ್ಧತಿ. ಆ ನಾಲ್ಕು ಮಾತೂ ಹೊಗಳಿಕೆಯೇ. ಅಷ್ಟು ದೂರದಿಂದ ಯಾರೋ ಹೊತ್ತು ತಂದ ಪುಸ್ತಕವನ್ನು ಚೆನ್ನಾಗಿಲ್ಲ ಎನ್ನಲು ಯಾರಿಗೂ ಬಾಯಿ ಬರುತ್ತಿರಲಿಲ್ಲ.

ನನ್ನ ಮಗಳು ಆಗಿನ್ನೂ ಹನ್ನೊಂದರ ಹುಡುಗಿ. ಶಾಲೆಯಲ್ಲಿ ಇಂಗ್ಲಿಷು, ಕೆಳಗೆ ಪಾರ್ಕಿನಲ್ಲಿ ಹಿಂದಿ. ಕನ್ನಡ ಓದುವುದನ್ನು ನಾನೇ ಕೂರಿಸಿಕೊಂಡು ಕಲಿಸಿದ್ದೆ. ಒಂದು ದಿನ ಇವಳು ಕನ್ನಡವನ್ನು ಕೈಬಿಟ್ಟುಬಿಡುತ್ತಾಳೆ ಎನ್ನುವ ಭಯ ನನಗೆ ಸದಾ ಇತ್ತು. ಆದ್ದರಿಂದ ಮನೆಯಲ್ಲಿ ಒಂದು ಕಾನೂನು ಮಾಡಿದ್ದೆ: ಸಂಜೆ ಅರ್ಧ ಗಂಟೆ ಕನ್ನಡ ಪುಸ್ತಕ ಗಟ್ಟಿಯಾಗಿ ಓದಬೇಕು, ಹಿಡಿದದ್ದನ್ನು ಮುಗಿಸಬೇಕು. ಅವಳ ಕೈಯಲ್ಲಿ ಆಗ ಯಾರದೋ ಮನೆಯಿಂದ ಬಂದ ರಾಜನೊಬ್ಬನ ಕಥೆಯಿತ್ತು. ಅವಳು ಅಕ್ಷರ ಕೂಡಿಸಿಕೊಂಡು ಓದುವಳು, ನಾನು ಅಡುಗೆಮನೆಯಿಂದಲೇ ಒತ್ತಕ್ಷರ ತಿದ್ದುವೆನು. ಹೇಗಿದೆ ಎಂದರೆ "ಚೆನ್ನಾಗಿದೆ ಅಮ್ಮಾ" ಎನ್ನುತ್ತಿದ್ದಳು. ನನಗೆ ಅಷ್ಟೇ ಸಾಕಾಗಿತ್ತು.

ನನ್ನ ಓದೆಲ್ಲ ಆಫೀಸಿಗೆ ಹೋಗಿಬರುವ ಚಾರ್ಟರ್ಡ್ ಬಸ್ಸಿನಲ್ಲಿ. ಕೆಲಸವಿದ್ದದ್ದು ದೆಹಲಿಯ ಒಂದು ಸಚಿವಾಲಯದಲ್ಲಿ. ಬೆಳಿಗ್ಗೆ ಸೀಟು ಹಿಡಿದು ಕುಳಿತರೆ ಹಿಂದುಗಡೆ ಗಂಡಸರ ಇಸ್ಪೀಟು ಶುರುವಾಗುತ್ತಿತ್ತು, ಪಕ್ಕದವಳು ನನ್ನ ಹೆಗಲ ಮೇಲೆ ತೂಕಡಿಸುತ್ತಿದ್ದಳು. ಸಂಜೆ ಗಾಜೀಪುರದ ಕಸದ ಗುಡ್ಡದ ವಾಸನೆ ಮೂಗಿಗೆ ಬಡಿದರೆ ಮನೆ ಹತ್ತಿರವಾಯಿತೆಂದು ಲೆಕ್ಕ. ಇಡೀ ದಿನದಲ್ಲಿ ನನ್ನದು ಎನ್ನಬಹುದಾದ ಹೊತ್ತು ಅದೊಂದೇ.

ಆ ಹೊತ್ತನ್ನು ಒಂದು ಬೇಸಿಗೆಯಲ್ಲಿ ಒಂದು ದಪ್ಪ ಕಾದಂಬರಿ ತಿಂದುಹಾಕಿತು. ಎಲ್ಲ ಮನೆಗಳಲ್ಲೂ ಹೊಗಳಿಸಿಕೊಂಡು ಕೊನೆಗೆ ನನ್ನ ಪಾಳಿಗೆ ಬಂದಿತ್ತು. ನಮ್ಮ ಗುಂಪಿಗೆಲ್ಲ ಹಿರಿಯರಾದ, ಕೇಂದ್ರ ಸರ್ಕಾರದ ದೊಡ್ಡ ಹುದ್ದೆಯಿಂದ ನಿವೃತ್ತರಾದ ಒಬ್ಬರು ಅದನ್ನು ಕೈಗಿಡುತ್ತಾ, "ಗಂಭೀರವಾದ ಕೃತಿ ಕಣಮ್ಮ, ನಿಧಾನವಾಗಿ ಓದ್ಬೇಕು" ಎಂದಿದ್ದರು.

ನಿಧಾನವಾಗಿಯೇ ಓದಿದೆ. ಗಂಡಸೊಬ್ಬ ಕಿಟಕಿಯ ಬಳಿ ನಿಂತು ಕಾಲದ ಬಗ್ಗೆ ಯೋಚಿಸುತ್ತಾನೆ. ಹೆಂಡತಿ ಕಾಫಿ ತಂದಿಡುತ್ತಾಳೆ. ಅದು ಆರುತ್ತದೆ. ಮುಂದಿನ ಅಧ್ಯಾಯದಲ್ಲಿ ಮತ್ತೆ ಕಿಟಕಿ, ಮತ್ತೆ ಕಾಫಿ. ಆ ಹೆಂಡತಿ ಒಂದು ಸಲವಾದರೂ ಬಾಯಿಬಿಟ್ಟು ಬೈದಿದ್ದರೆ ನಾನು ಹುರುಪಿನಿಂದ ಮುಂದೆ ಹೋಗುತ್ತಿದ್ದೆ. ತಪ್ಪು ನನ್ನದೇ ಇರಬೇಕು, ಆಫೀಸಿನ ಕಡತ ನೋಡಿ ನೋಡಿ ತಲೆ ಮರಗಟ್ಟಿದೆ ಎಂದುಕೊಂಡು ಹಲ್ಲುಕಚ್ಚಿ ಓದಿದೆ. ಓದಿದ ಪುಟವನ್ನೇ ಮತ್ತೆ ಓದಿದೆ.

ಒಂದು ಸಂಜೆ ಡ್ರೈವರ್ ಗಕ್ಕನೆ ಬ್ರೇಕು ಹಾಕಿದ. ಪುಸ್ತಕ ಕಾಲಡಿ ಬಿತ್ತು. ಎತ್ತಿಕೊಂಡು ನನ್ನ ಪುಟ ಹುಡುಕುವಾಗ ಮುಂದಿನ ಹಾಳೆಗಳು ತೆರೆದುಕೊಳ್ಳಲೇ ಇಲ್ಲ. ಪ್ರೆಸ್ಸಿನಲ್ಲಿ ಅಂಚು ಸರಿಯಾಗಿ ಕತ್ತರಿಸದೆ ಎರಡೆರಡು ಹಾಳೆ ಕೂಡಿಕೊಂಡೇ ಉಳಿದಿದ್ದವು. ಬ್ಲೇಡು ಹಾಕದೆ ಅವನ್ನು ಓದಲು ಸಾಧ್ಯವೇ ಇರಲಿಲ್ಲ. ಮೊದಲ ಪುಟಗಳಲ್ಲಿ ಅರಿಶಿನದ ಬೆರಳಚ್ಚು, ಕಾಫಿಯ ಕಲೆ, ಯಾರೋ ಮಡಚಿದ ಪುಟದ ಮೂಲೆ ಎಲ್ಲ ಇದ್ದವು. ಆಮೇಲೆ ಹಾಳೆಗಳೆಲ್ಲ ಹೊಸ ಬಟ್ಟೆಯ ಹಾಗೆ ಸ್ವಚ್ಛ. ಅಷ್ಟೂ ಮನೆಗಳಲ್ಲಿ ಒಬ್ಬರೂ ಇದನ್ನು ಓದಿ ಮುಗಿಸಿರಲಿಲ್ಲ. ನನಗೆ ಸಿಟ್ಟು ಬರಬೇಕಿತ್ತು. ಬಂದದ್ದು ಬರೀ ಸುಸ್ತು. ಪುಸ್ತಕವನ್ನು ಚೀಲಕ್ಕೆ ಹಾಕಿ ಕಣ್ಣು ಮುಚ್ಚಿಕೊಂಡೆ.

ಆ ತಿಂಗಳು ಎಲ್ಲರೂ ಸೇರಿದ್ದು ನಮ್ಮ ಮನೆಯಲ್ಲೇ. ಕರೆಂಟು ಹೋಗಿ ಜನರೇಟರಿನ ಮೇಲೆ ಒಂದೇ ಫ್ಯಾನು ತಿರುಗುತ್ತಿತ್ತು. ಮಗಳು ಎಲ್ಲರಿಗೂ ನೀರು ಕೊಡುತ್ತಾ ಓಡಾಡುತ್ತಿದ್ದಳು. ನನ್ನ ಸರದಿ ಬಂತು. ಹೊಗಳಲು ಎರಡು ಮಾತು ಹುಡುಕಿದೆ. ಸಿಗಲಿಲ್ಲ.

"ನನ್ ಕೈಲಿ ಆಗ್ಲಿಲ್ಲ. ಅರ್ಧಕ್ಕೇ ಬಿಟ್ಟೆ" ಎಂದೆ.

ಹಿರಿಯರು ಕನ್ನಡಕ ತೆಗೆದು ಒರೆಸಿಕೊಂಡು, "ಎಲ್ಲಿಗೆ ಬಿಟ್ರಿ?" ಎಂದರು.

"ಹಾಳೆ ಕೂಡಿಕೊಂಡಿದೆಯಲ್ಲ ಸಾರ್, ಅದರ ಹಿಂದಿನ ಪುಟಕ್ಕೆ."

ಅವರು ಹೊಟ್ಟೆ ಕುಲುಕಿಸಿ ನಗತೊಡಗಿದರು. "ನಾನು ಅಲ್ಲೀತನಕಾನೂ ಹೋಗಿಲ್ಲಮ್ಮ! ಎರಡನೇ ಕಾಫಿಗೇ ಮಲಗಿಬಿಟ್ಟೆ."

ಅಷ್ಟಾಗಿದ್ದೇ ತಡ, ಒಬ್ಬೊಬ್ಬರಾಗಿ ತಾವು ಅರ್ಧಕ್ಕೆ ಬಿಟ್ಟು ಪೂರ್ತಿ ಹೊಗಳಿದ ಪುಸ್ತಕಗಳ ಹೆಸರನ್ನೆಲ್ಲ ಬಾಯಿಬಿಟ್ಟರು. ಅಷ್ಟು ವರ್ಷಗಳಲ್ಲಿ ನಾವು ಅಷ್ಟು ನಕ್ಕದ್ದಿಲ್ಲ. ನನಗೂ ಮೈಭಾರ ಇಳಿದ ಹಾಗಾಯಿತು.

ಎಲ್ಲರೂ ಹೋದ ಮೇಲೆ ಪಾತ್ರೆ ತೊಳೆಯುತ್ತಿದ್ದೆ. ಮಗಳು ತನ್ನ ರಾಜನ ಕಥೆಯನ್ನು ಎದೆಗವಚಿಕೊಂಡು ಬಂದು ನಿಂತಳು.

"ಅಮ್ಮಾ, ಆ ಅಂಕಲ್ಲೂ ಬುಕ್ ಛೋಡ್ ದಿಯಾ ನಾ? ಹಾಗಾದ್ರೆ ನಾನೂ ಬಿಡ್ಲಾ?"

"ಯಾಕೆ? ಚೆನ್ನಾಗಿಲ್ವಾ?"

"ಫಸ್ಟ್ ಪೇಜಿಂದಾನೇ ಬೋರ್."

"ದಿನಾ ಚೆನ್ನಾಗಿದೆ ಅಂತಿದ್ದೆಯಲ್ಲೇ!"

"ನಾನು ಓದಿದ್ರೆ ನಿಂಗೆ ಖುಷಿ ಆಗತ್ತಲ್ಲ, ಇಸ್‌ಲಿಯೇ."

ನನ್ನ ಕೈಯಲ್ಲಿ ಸೋಪಿನ ನೊರೆ ಹಾಗೇ ಇತ್ತು. ಅವಳ ಒತ್ತಕ್ಷರ ಸರಿಯಿದೆಯೇ ಎಂದು ಕಿವಿಗೊಟ್ಟು ಕೇಳಿದ್ದೆ. ಆ ರಾಜನಿಗೆ ಕೊನೆಗೆ ಏನಾಯಿತೆಂದು ಒಮ್ಮೆಯೂ ಕೇಳಿರಲಿಲ್ಲ.

"ಬೇರೆ ಕೊಡ್ತೀನಿ, ಇದಕ್ಕಿಂತ ಚೆನ್ನಾಗಿರೋದು" ಎಂದೆ.

"ಅದೂ ಬೋರ್ ಆದ್ರೆ?"

"ಅದನ್ನೂ ಬಿಡು."

"ಅದರ ನೆಕ್ಸ್ಟ್‌ದು?"

ಅವಳು ಕೇಳುತ್ತಿದ್ದದ್ದು ಒಂದು ಪುಸ್ತಕದ ಮಾತಲ್ಲ, ಕನ್ನಡ ಓದುವುದನ್ನೇ ಬಿಡುವ ಮಾತೆಂದು ನನಗೆ ಗೊತ್ತಾಯಿತು. ನಾನು ಒಪ್ಪುವುದಿಲ್ಲವೆಂದು ಹೆದರಿಕೊಂಡೇ ನನ್ನ ಮುಖವನ್ನೇ ನೋಡುತ್ತಿದ್ದಳು. ಬಿಡಬೇಡ ಎಂದಿದ್ದರೆ ಸುಮ್ಮನೆ ಹೋಗಿ ಮತ್ತೆ ಓದುತ್ತಿದ್ದಳು, ನಾಳೆಯೂ ಚೆನ್ನಾಗಿದೆ ಎನ್ನುತ್ತಿದ್ದಳು.

"ಎಲ್ಲಾನೂ ಬಿಡು, ಚಿನ್ನಾ" ಎಂದೆ.

ಪುಸ್ತಕವನ್ನು ಕಟ್ಟೆಯ ಮೇಲಿಟ್ಟು ಪಾರ್ಕಿಗೆ ಓಡಿದಳು. ನಾನು ಹೆದರಿದ್ದೇ ಆಯಿತು. ಅವಳು ಮತ್ತೆ ಕನ್ನಡ ಪುಸ್ತಕ ಮುಟ್ಟಲಿಲ್ಲ. ಇವತ್ತಿಗೂ ಅದು ನನಗೆ ಸಂಕಟವೇ. ಆದರೆ ನನ್ನನ್ನು ಸಂತೋಷಪಡಿಸಲು ಮಗು ದಿನಾ ಬೇಸರ ನುಂಗುತ್ತಿತ್ತೆಂದು ತಿಳಿದ ಮೇಲೆ, ಅವಳಿಗೆ ಓದು ಎನ್ನುವ ಬಾಯಿ ನನಗೆ ಉಳಿದಿರಲಿಲ್ಲ.