ದೊಡ್ಡಪ್ಪನ ವೀರಗಲ್ಲು

ಗೆಳೆಯರೇ, ಇವತ್ತು ನನ್ನ ದೊಡ್ಡಪ್ಪ ತಮ್ಮ ವೀರಗಲ್ಲನ್ನು ತಾವೇ ನೋಡಿದರು. ತಪ್ಪು ನನ್ನದು.

ರಾಜ್ಯ ಕಟ್ಟುವ ಕಂಪ್ಯೂಟರ್ ಗೇಮಿಗೆ ನಾನು ಹೊಸ ಅದ್ಭುತ ಕಟ್ಟಡಗಳನ್ನು ತಯಾರಿಸಿ ನೆಟ್‌ಗೆ ಹಾಕುವುದು ನಿಮಗೆ ಗೊತ್ತು. ಪಿರಮಿಡ್ಡಿನ ಜೊತೆ ನಮ್ಮ ನಾಗಮಂಗಲ ಕಡೆಯ ವೀರಗಲ್ಲೂ ಇರಲಿ ಅಂತ ಬೆಟ್ಟದಷ್ಟು ಎತ್ತರದ್ದೊಂದು ಮಾಡಿದ್ದೆ. ಕೆಳಗಿನ ಪಟ್ಟಿಯಲ್ಲಿ ವೀರ ಹೋರಾಡಿ ಸಾಯುತ್ತಾನೆ. ನಡುವಿನದರಲ್ಲಿ ಅಪ್ಸರೆಯರು ಅವನನ್ನು ಎತ್ತಿಕೊಂಡು ಹೋಗುತ್ತಾರೆ. ಮೇಲಿನ ಸ್ವರ್ಗವನ್ನು ಇನ್ನೂ ಮಾಡಿರಲಿಲ್ಲ, ಆದರೂ ನಿನ್ನೆ ನೆಟ್‌ಗೆ ಹಾಕಿಬಿಟ್ಟಿದ್ದೆ. ಮೀಸೆ ಚೆನ್ನಾಗಿದೆ ಅಂತ ವೀರನಿಗೆ ದೊಡ್ಡಪ್ಪನ ಮುಖ ಇಟ್ಟಿದ್ದೆ.

ಡೈರಿಗೆ ಹಾಲು ಹಾಕಿ ಬಂದ ದೊಡ್ಡಪ್ಪ ಅದನ್ನು ಪರದೆಯ ಮೇಲೆ ನೋಡಿದರು.

"ಕಲ್ಲು ನಿಲ್ಸೋದು ಸತ್ತೋರ್ಗೆ ಕಣ್ಲಾ."

"ಅಳ್ಸಿಬುಡ್ತೀನಿ ದೊಡ್ಡಪ್ಪ."

"ಬೇರೆಯೋರ ಅತ್ರ ಇರೋದು?"

ನಿನ್ನೆಯೇ ಎಷ್ಟೋ ಜನ ಇಳಿಸಿಕೊಂಡಿದ್ದಾರೆ, ಅದನ್ನು ನನ್ನಿಂದ ಅಳಿಸಲಾಗುವುದಿಲ್ಲ ಅಂದೆ. ಅವರು ಪರದೆಯ ಮೇಲೆ ಬೆರಳಿಟ್ಟರು.

"ಇವ್ರು ನನ್ನ ಎತ್ಕಂಡವ್ರೆ. ಮೇಲೆ ಓಗಕ್ಕೆ ಜಾಗನೇ ಇಲ್ವಲ್ಲಾ! ನಡುವೇಲೇ ನೇತಾಡ್ಲಾ? ಮುಗ್ಸಿ ಎಲ್ರಿಗೂ ಕಳ್ಸು."

ಆಗಿನಿಂದ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತರು. ಊಟಕ್ಕೂ ಏಳಲಿಲ್ಲ. ಲಿಂಗ, ಬಸವ, ದೀಪ ಎಲ್ಲವನ್ನೂ ಅವರು ಹೇಳಿದ ಕಡೆಯೇ ಇಟ್ಟೆ. ನಡುವೆ ಅವರನ್ನೂ ಕೂರಿಸಿದೆ.

"ನನ್ ಪಕ್ಕ ಇನ್ನೊಬ್ರು ಕೂರೋ ಅಷ್ಟು ಜಾಗ ಬುಡು," ಅಂದರು.

"ಯಾರ್ಗೆ ದೊಡ್ಡಪ್ಪ?"

ಅವರು ಪರದೆ ಬಿಟ್ಟು ನನ್ನ ಮುಖವನ್ನೇ ನೋಡುತ್ತಾ ಕೂತರು.

ನನಗಂತೂ ಸ್ವರ್ಗಕ್ಕೆ ಹೋಗುವ ಆತುರ ಇರಲಿಲ್ಲ. ಆ ಜಾಗದಲ್ಲಿ ಒಂದು ತೆಂಗಿನ ಮರ ನೆಟ್ಟು, ಎಲ್ಲರಿಗೂ ಕಳಿಸಿಬಿಟ್ಟೆ.