ಉಸಿರಕ್ಕನ ಬೆಳಗಿನ ಫೋನು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಮೂರನೆಯ ಮಹಡಿಯ ಮನೆಯೊಂದರ ಬಾಗಿಲು ಅರ್ಧ ತೆರೆದಿದೆ. ಒಳಕೋಣೆಯ ಮಂಚ ಖಾಲಿ. ಪಕ್ಕದ ಆಮ್ಲಜನಕದ ಯಂತ್ರ ಮಾತ್ರ ನಡೆಯುತ್ತಲೇ ಇದೆ. ಬುಸ್ಸೆಂದು ಒಂದು ಉಸಿರು, ಒಂದಿಷ್ಟು ಮೌನ, ಮತ್ತೆ ಬುಸ್ಸೆಂದು ಇನ್ನೊಂದು. ಅದರ ಸಣ್ಣ ಕೊಳವೆ ದಿಂಬಿನ ಮೇಲೆ ಬಿದ್ದುಕೊಂಡು, ಯಾರೂ ಇಲ್ಲದ ಕಡೆಗೆ ಗಾಳಿ ಊದುತ್ತಿದೆ. ಈ ಮನೆಯ ಅಜ್ಜ ತೀರಿಕೊಂಡದ್ದು ನಿನ್ನೆ. ಅಂತ್ಯಕ್ರಿಯೆ ಮುಗಿಸಿ ಬಂದ ಮಕ್ಕಳಲ್ಲಿ ಯಾರಿಗೂ ಅದರ ಗುಂಡಿ ಒತ್ತಲು ಕೈ ಬಂದಿಲ್ಲ.

ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬರುವ ಹೆಂಗಸು ಯಂತ್ರದ ಪಕ್ಕ ನೆಲದ ಮೇಲೆ ಕೂರುತ್ತಾರೆ. ಚೀಲದಿಂದ ಫೋನು ತೆಗೆದು ಯಾರಿಗೋ ಕರೆ ಮಾಡುತ್ತಾರೆ. "ನಮಸ್ಕಾರ ಸರ್, ನಾನು ಉಸಿರಕ್ಕ. ಸ್ವಲ್ಪ ಕೇಳಿ." ಅಷ್ಟು ಹೇಳಿ ಫೋನನ್ನು ಯಂತ್ರಕ್ಕೆ ಹಿಡಿಯುತ್ತಾರೆ. ಆ ಕಡೆಯವರು ಹಾಸಿಗೆಯಲ್ಲಿ ಎದ್ದು ಕೂತಿರಬೇಕು. "ಇವರಿಗೆ ಇವತ್ತು ಬಿಡುವಾಯ್ತು ಸರ್. ತೊಳೆದು, ಒಳಗಿನ ಧೂಳು ಹಿಡಿಯೋ ಸ್ಪಂಜು ಬದಲಾಯಿಸಿ, ಸಂಜೆಯೊಳಗೆ ಇನ್ನೊಂದು ಮನೆಗೆ ಒಯ್ಬೇಕು. ಈ ತಿಂಗಳ ದೇಣಿಗೆ ನೆನಪಿದೆ ತಾನೆ?"

ಆಮೇಲೆ ಯಂತ್ರದ ಬೆನ್ನು ತಟ್ಟುತ್ತಾರೆ. "ಸಾಕು ಮೇಷ್ಟ್ರೇ. ಸ್ವಲ್ಪ ಸುಧಾರಿಸ್ಕೊಳ್ಳಿ." ಗುಂಡಿ ಒತ್ತಿದ ಕೂಡಲೇ ಮನೆಯೊಳಗೆ ಮೌನ ಬಂದು ಕೂರುತ್ತದೆ. ಅಡುಗೆಮನೆಯಲ್ಲಿ ಅಜ್ಜನ ಮಗಳು ಆಗ ಅಳಲು ಶುರುಮಾಡುತ್ತಾಳೆ. ನಿನ್ನೆಯಿಂದ ಅವಳು ಅತ್ತಿರಲಿಲ್ಲವಂತೆ.

ಊರಿನ ಸೇವಾ ಕ್ಲಬ್ಬಿಗೆ ಒಂದು ಧರ್ಮನಿಧಿ ಇದೆ. ಉಸಿರಾಟದ ತೊಂದರೆ ಇರುವ ಬಡವರ ಮನೆಗೆ ಗಾಳಿಯಿಂದ ಆಮ್ಲಜನಕ ಸೋಸಿಕೊಡುವ ಯಂತ್ರಗಳನ್ನು ಪುಕ್ಕಟೆಯಾಗಿ ಕೊಡುವುದು ಅದರ ಕೆಲಸ. ಕಾಗದದ ಮೇಲೆ ಉಸಿರಕ್ಕ ಆ ಕ್ಲಬ್ಬಿನ ಕಚೇರಿ ಸಹಾಯಕಿ. ಕುರ್ಚಿ ಒರೆಸುವುದು, ಚಹಾ ಕಾಸುವುದು ಅವರ ಪಾಲಿನ ಕೆಲಸ. ಸದಸ್ಯರಿಂದ ತಿಂಗಳು ತಿಂಗಳು ದೇಣಿಗೆ ಬರುವಂತೆ ನೋಡಿಕೊಳ್ಳುವುದು ಅವರಾಗಿಯೇ ಮೈಮೇಲೆ ಎಳೆದುಕೊಂಡದ್ದು. ಅದೋ, ಕಲ್ಲಿನಿಂದ ನಾರು ತೆಗೆಯುವ ಕೆಲಸ.

"ಯಂತ್ರ ಕೊಡಿಸೋಕೆ ಎಲ್ರೂ ಮುಂದೆ ಬರ್ತಾರೆ. ಹಾರ, ಫೋಟೋ, ಚಪ್ಪಾಳೆ. ಆಮೇಲೆ ಅದು ನಡೀಬೇಕಲ್ಲ? ಸ್ಪಂಜಿಗೆ, ರಿಪೇರಿಗೆ ಯಾರು ಫೋಟೋ ತೆಗೀತಾರೆ?" ಎಂದು ಅವರು ನಗುತ್ತಾರೆ. ನಮ್ಮ ದಾನಿಗಳ ಆರಂಭಶೂರತ್ವವನ್ನು ಇದಕ್ಕಿಂತ ನಯವಾಗಿ ಬೈಯಲು ಸಾಧ್ಯವಿಲ್ಲ. ಮೊದಮೊದಲು ಅವರೂ ಎಲ್ಲರಂತೆ ನೆನಪಿನ ಪತ್ರ ಕಳಿಸಿ ನೋಡಿದರು. ಒಬ್ಬರೂ ಕ್ಯಾರೇ ಅನ್ನಲಿಲ್ಲ. ಒಂದು ಬೆಳಿಗ್ಗೆ ರೋಗಿಯ ಮನೆಯಿಂದಲೇ ಫೋನು ಮಾಡಿದಾಗ ಹಿಂದಿನ ಸದ್ದು ಕೇಳಿ, ಸದಸ್ಯರಾದ ಔಷಧದ ಅಂಗಡಿಯವರು, "ಯಾರಮ್ಮಾ ಅದು, ನಿಮ್ಮ ಹಿಂದೆ ನಿಂತಿರೋದು?" ಎಂದು ಕೇಳಿದರು. ಅದೇ ದಿನ ದೇಣಿಗೆ ಬಂತು. ಅಂದಿನಿಂದ ಇದೇ ಪದ್ಧತಿ. ಕೆಲವರು ಮೂಗು ಮುರಿಯುತ್ತಾರೆ. ಬೆಳಬೆಳಗ್ಗೆ ಯಮನ ಫೋನು ಅನ್ನುತ್ತಾರೆ. ಅನ್ನುತ್ತಲೇ ಕೊಡುತ್ತಾರೆ.

ಈ ಕೆಲಸಕ್ಕೆ ಅವರನ್ನು ತಂದದ್ದೂ ಒಂದು ಯಂತ್ರವೇ. ಅವರ ಅತ್ತೆ ಕೊನೆಯ ದಿನಗಳನ್ನು ಕ್ಲಬ್ಬಿನ ಯಂತ್ರದ ಜೊತೆ ಕಳೆದರು. ಅವರು ಹೋದ ಮೇಲೂ ಅದು ಉಸಿರಾಡುತ್ತಲೇ ಇತ್ತು. ಕ್ಲಬ್ಬಿನಿಂದ ಬಂದ ಆಳು ಮಾತಿಲ್ಲದೆ ತಂತಿ ಕಿತ್ತು, ಎತ್ತಿಕೊಂಡು ಹೋದ. "ನನಗೆ ಅತ್ತೆ ಎರಡನೇ ಸಲ ಸತ್ತಂಗಾಯ್ತು. ಇದನ್ನ ಯಾರಾದ್ರೂ ಕೂತು, ಹೇಳಿ, ಆರಿಸ್ಬೇಕು ಅನ್ನಿಸ್ತು," ಎನ್ನುತ್ತಾರೆ. ಬಸ್ ಕಂಡಕ್ಟರ್ ಆಗಿರುವ ಮಗಳು ತಾಯಿಯನ್ನು ಛೇಡಿಸುತ್ತಾಳೆ: "ಎಲ್ರೂ ಗೊರಕೆ ಹೊಡೆಯೋರನ್ನ ಬೈದ್ರೆ ನಮ್ಮಮ್ಮ ಪಕ್ಕ ಕೂತು ಕೇಳ್ತಾರೆ."

ಪ್ರತಿ ಯಂತ್ರದ ಮೇಲೂ, ಅದು ಯಾರ ನೆನಪಿಗಾಗಿ ಕೊಟ್ಟದ್ದು ಎಂಬ ಫಲಕವಿರುತ್ತದೆ. ಮನೆಯವರು ಯಂತ್ರವನ್ನು ಆ ಸತ್ತವರ ಹೆಸರಿಂದಲೇ ಕರೆಯುತ್ತಾರೆ. "ಮೇಷ್ಟ್ರು ಇವತ್ತು ಬಿಸಿಯಾಗಿದಾರೆ", "ಡಾಕ್ಟ್ರು ರಾತ್ರಿಯೆಲ್ಲ ಗೊಣಗ್ತಿದ್ರು" ಎನ್ನುವುದು ಆ ಮನೆಗಳಲ್ಲಿ ಸಾಮಾನ್ಯ ಮಾತು. ಕೇಳಿದ ಹೊಸಬರಿಗೆ ಮೈ ಜುಮ್ಮೆನ್ನುತ್ತದೆ. ಉಸಿರಕ್ಕನಿಗೆ ಅದರಲ್ಲಿ ವಿಶೇಷವೇನೂ ಕಾಣುವುದಿಲ್ಲ.

ಕಳೆದ ವರ್ಷ ಎಡವಟ್ಟಾದದ್ದು ಈ ಅಭ್ಯಾಸದಿಂದಲೇ. ಗಡಿಯಾರದ ಅಂಗಡಿಯ ಯಜಮಾನರು ತೀರಿಹೋದ ಹೆಂಡತಿಯ ನೆನಪಿಗೆ ಒಂದು ಯಂತ್ರ ಕೊಟ್ಟಿದ್ದರು. ಆಮೇಲೆ ಬಿಡಿಗಾಸೂ ಬಿಚ್ಚಿರಲಿಲ್ಲ. "ಕೊಟ್ಟಾಯ್ತಲ್ಲ, ಮತ್ತೇನು?" ಎನ್ನುವುದು ಅವರ ಉತ್ತರ. ಆ ಯಂತ್ರ ಇದ್ದದ್ದು ಲಾರಿ ಓಡಿಸಿ ಓಡಿಸಿ ಪುಪ್ಪುಸ ಕಳೆದುಕೊಂಡ ಮುದುಕನ ಮನೆಯಲ್ಲಿ. ಅವನಿಗೆ ಅದು "ಅಮ್ಮಾವ್ರು". ಒಂದು ಮುಂಜಾನೆ ಅಮ್ಮಾವ್ರ ಎದೆಯ ಮೇಲೆ ಹಳದಿ ದೀಪ ಹತ್ತಿತು. ಗಾಳಿ ಸೋಸುವ ಭಾಗವೇ ಕೆಟ್ಟಿತ್ತು. ಉಳಿದ ಯಂತ್ರಗಳೆಲ್ಲ ಬೇರೆ ಬೇರೆ ಮನೆಗಳಲ್ಲಿ. ಒಂದನ್ನು ಕಿತ್ತು ತಂದರೆ ಅಲ್ಲಿಯವರು ಉಳಿಯುವುದಿಲ್ಲ. ಡ್ರೈವರಿಗೆ ಹಚ್ಚಿದ ಸಿಲಿಂಡರು ಸಂಜೆಯವರೆಗೆ ಬಂದರೆ ಹೆಚ್ಚು. ನಿಧಿಯಲ್ಲಿ ಹೊಸ ಯಂತ್ರ ಕೊಳ್ಳಲು ತೆಗೆದಿಟ್ಟ ಹಣವಿತ್ತು, ರಿಪೇರಿಗೆ ಇರಲಿಲ್ಲ. ಅದನ್ನು ಇದಕ್ಕೆ ತಿರುಗಿಸಲು ಸಭೆ ಸೇರಬೇಕು. ಸಭೆ ಸೇರುವುದು ವಾರಕ್ಕೊಮ್ಮೆ.

ಉಸಿರಕ್ಕ ಗಡಿಯಾರದವರಿಗೆ ಫೋನು ಮಾಡಿದರು. ಗಾಬರಿಯಲ್ಲಿ ನಮಸ್ಕಾರವನ್ನೂ ಮರೆತು, ಆ ಮನೆಯ ಮಾತಿನಲ್ಲೇ ಹೇಳಿಬಿಟ್ಟರು: "ಅಮ್ಮಾವ್ರಿಗೆ ಉಸಿರಾಡೋಕೆ ಆಗ್ತಿಲ್ಲ ಸರ್. ಬೇಗ ಏನಾದ್ರೂ ಮಾಡಿ."

ಉಸಿರಕ್ಕ ನಾಲಿಗೆ ಕಚ್ಚಿಕೊಂಡರು. "ತಪ್ಪಾಯ್ತು ಸರ್. ಯಂತ್ರ... ನೀವು ಕೊಟ್ಟಿದ್ರಲ್ಲ, ಅದು."

"ಅರ್ಥ ಆಯ್ತಮ್ಮ," ಎಂದರು ಯಜಮಾನರು. ಮೆಲ್ಲಗೆ ಕೇಳಿದರು: "ಎಲ್ಲಿದಾಳೆ?"

ಮನೆಯ ಚಪ್ಪಲಿಯಲ್ಲೇ ಅವರು ಬಂದರು. ಸಿಲಿಂಡರಿನ ಗಾಳಿಯಲ್ಲಿದ್ದ ಡ್ರೈವರು ಕೆಟ್ಟ ಯಂತ್ರವನ್ನು ಆರಿಸಲು ಬಿಟ್ಟಿರಲಿಲ್ಲ. "ಪಾಪ, ಅವ್ರಿಗೂ ಭಯ ಆಗ್ತಿದೆ," ಎಂದು ಒಂದು ಕೈಯನ್ನು ಅದರ ಮೇಲೆ ಇಟ್ಟುಕೊಂಡೇ ಮಲಗಿದ್ದ. ಯಜಮಾನರು ಮಂಡಿಯೂರಿ, ಗಡಿಯಾರಕ್ಕೆ ಕಿವಿ ಕೊಡುವಂತೆ ಯಂತ್ರಕ್ಕೆ ಕಿವಿ ಕೊಟ್ಟರು. ಏದುಸಿರು, ನಡುವೆ ಉಸಿರು ಸಿಕ್ಕಿಕೊಳ್ಳುವ ಒಂದು ಸಣ್ಣ ಕೊಕ್ಕೆ, ಮತ್ತೆ ಏದುಸಿರು.

"ಅವಳ ಕೊನೇ ವಾರ ಹೀಗೇ ಇತ್ತು," ಎಂದರು. "ಈ ಕೊಕ್ಕೆನೂ ಇತ್ತು. ನಾನು ಪಕ್ಕದ ಕೋಣೇಲಿ ಮಲಗಿದ್ದೆ, ಕೇಳೋಕಾಗದೆ."

ಬೇರೆ ಯಂತ್ರಗಳು ಕೆಟ್ಟಾಗ ಇಂಥ ಸದ್ದು ಬಂದದ್ದುಂಟೇ ಎಂದು ಕೇಳಿದರೆ ಉಸಿರಕ್ಕ ಇಲ್ಲವೆಂದು ತಲೆಯಾಡಿಸುತ್ತಾರೆ. ರಿಪೇರಿಯವನೂ ಆ ಕೊಕ್ಕೆಗೆ ಕಾರಣ ಹುಡುಕಿ ಸೋತನಂತೆ. ಸಂಜೆಯೊಳಗೆ ಹೊಸ ಭಾಗ ಬಂತು, ಹಣ ಯಜಮಾನರದು. ಡ್ರೈವರು ಈಗಲೂ ಇದ್ದಾನೆ, ಅಮ್ಮಾವ್ರ ಕ್ಷೇಮಸಮಾಚಾರ ಎಲ್ಲರಿಗೂ ಹೇಳುತ್ತಾನೆ.

ಆ ವಾರದ ಸಭೆಯಲ್ಲಿ ಗಡಿಯಾರದವರು ಎದ್ದು ನಿಂತರು. "ಕೀ ಕೊಡದೆ ಗಡಿಯಾರ ನಡೆಯಲ್ಲ ಅಂತ ಹೇಳಿ ಹೇಳೇ ವ್ಯಾಪಾರ ಮಾಡಿದೋನು ನಾನು. ಇವಳನ್ನ ಒಂದು ಪೆಟ್ಟಿಗೇಲಿಟ್ಟು, ಕೀ ಕೊಡದೆ ಬಿಟ್ಟಿದ್ದೆ." ಅಷ್ಟೇ ಹೇಳಿ ಕೂತರು. ಅಂದು ಬಹುಪಾಲು ಸದಸ್ಯರು ಬ್ಯಾಂಕಿಗೆ ಬರೆದುಕೊಟ್ಟರು. ಈಗ ಅವರ ದೇಣಿಗೆ ತಿಂಗಳು ತಿಂಗಳು ತಾನಾಗಿಯೇ ಬರುತ್ತದೆ, ಉಳಿದ ಕೆಲವರಿಗಷ್ಟೇ ನೆನಪಿಸಬೇಕು. ಬರೆದುಕೊಟ್ಟವರಿಗೆ ಇನ್ನು ಫೋನಿನ ಅಗತ್ಯವಿಲ್ಲವೆಂದು ಉಸಿರಕ್ಕ ಸುಮ್ಮನಾದರೆ, ಗಡಿಯಾರದವರೇ ಫೋನು ಮಾಡಿದರು. "ಯಾಕಮ್ಮ, ಈ ತಿಂಗಳು ಕೇಳಿಸಲೇ ಇಲ್ಲ?" ಅವರ ಹಿಂದೆಯೇ ಉಳಿದವರೂ ಒಬ್ಬೊಬ್ಬರಾಗಿ ಕೇಳತೊಡಗಿದರು. ಬೈದವರೂ ಬಿಡಲಿಲ್ಲ.

ಇತ್ತೀಚೆಗೆ ಕ್ಲಬ್ಬಿನ ಅಧ್ಯಕ್ಷರು ಮುಂದಿನ ಯಂತ್ರದ ಮೇಲೆ ಉಸಿರಕ್ಕನ ಹೆಸರನ್ನೇ ಹಾಕಿಸುವುದಾಗಿ ಹೇಳಿದ್ದಾರೆ. ಬದುಕಿರುವವರ ಹೆಸರು ಬರೆಸುವುದು ಇದೇ ಮೊದಲು. ಆ ಮಾತು ತೆಗೆದರೆ ಉಸಿರಕ್ಕನ ನಗು ನಿಲ್ಲುತ್ತದೆ. ಕೈಯಲ್ಲಿದ್ದ ಸ್ಪಂಜನ್ನು ಹಿಂಡಿ ಬಿಸಿಲಿಗೆ ಇಡುತ್ತಾರೆ.

"ಬೇಡ ಅಂದಿದೀನಿ. ಇವ್ರಿಗೆಲ್ಲ ಉಸಿರು ಕಟ್ಟಿದ್ರೆ ಫೋನ್ ಮಾಡೋಕೆ ನಾನಿದೀನಿ. ನಾನು ಅದ್ರೊಳಗೆ ಹೋಗಿ ಕೂತ್ರೆ, ನನಗೋಸ್ಕರ ಯಾರು ಮಾಡ್ತಾರೆ? ಮೊದ್ಲು ಅಂಥೋರು ಒಬ್ರು ಸಿಗ್ಲಿ. ಆಮೇಲೆ ಹೆಸರು ಬರೀಲಿ."